ತಾನಾಗಿ ಬಿದ್ದ ಬೇಲ

ಬೇಲದ ಮರವನ್ನು ನಮ್ಮ ಮನೆಯಲ್ಲಿ ಯಾರೂ ಹತ್ತುತ್ತಿರಲಿಲ್ಲ, ಕೊಂಬೆ ಅಲುಗಿಸುತ್ತಿರಲಿಲ್ಲ, ಕಲ್ಲು ಹೊಡೆಯುತ್ತಿರಲಿಲ್ಲ. ಹಣ್ಣು ತಾನಾಗಿ ಬೀಳಬೇಕು. ಬಿದ್ದದ್ದನ್ನು ಬೆಳಗಿನ ಜಾವ, ದನಗಳನ್ನು ಹೊರಗೆ ಕಟ್ಟುವುದಕ್ಕೂ ಮೊದಲು, ಅಮ್ಮ ಆರಿಸಿ ತರುತ್ತಿದ್ದಳು. ತಂದದ್ದನ್ನು ಅಂಗಳದ ಕಲ್ಲುಚಪ್ಪಡಿಯ ಮೇಲೆ ಮೊಣಕಾಲೆತ್ತರದಿಂದ ಒಂದೊಂದಾಗಿ ಬಿಡುವುದು. ಪುಟಿದರೆ ಅದು ಗಾಳಿಗೆ ಉದುರಿದ ಕಾಯಿ, ಒಗರು. ಬಿದ್ದಲ್ಲೇ ಕೂತರೆ ಹಣ್ಣು. ಕೂತದ್ದು ರಾಗಿ ಹುಲ್ಲಿನ ಅಡಿಗೆ ಹೋಗುತ್ತಿತ್ತು. ಗಣೇಶನ ಹಬ್ಬ ಮುಗಿದ ಮೇಲೆ ಶುರುವಾದ ಈ ಕೆಲಸ ದೀಪಾವಳಿಯವರೆಗೆ ನಡೆದು, ಅಷ್ಟು ಹೊತ್ತಿಗೆ ಒಂದು ಮಂಕರಿ ತುಂಬುವಷ್ಟು ಬೇಲ ಸೇರುತ್ತಿತ್ತು. ಕೊಟ್ಟಿಗೆಯ ತುಂಬ ಹುಳಿ ಹುಳಿ ಸಿಹಿ ವಾಸನೆ. ಎಮ್ಮೆಗಳು ಮೂಗು ಅರಳಿಸಿ ನಿಲ್ಲುತ್ತಿದ್ದವು.

ಮರ ಇದ್ದದ್ದು ನಮ್ಮ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವಿನ ಬದುವಿನ ಮೇಲೆ, ಮರಳವಾಡಿಗೆ ಹೋಗುವ ದಾರಿಯ ಪಕ್ಕದಲ್ಲಿ. ಅಪ್ಪನೂ ಚಿಕ್ಕಪ್ಪನೂ ಪಾಲಾಗಿ ಎಷ್ಟೋ ವರ್ಷವಾಗಿತ್ತು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತಿತ್ತು. ಮರವನ್ನು ಮಾತ್ರ ಪಾಲು ಮಾಡಿರಲಿಲ್ಲ. ಹಣ್ಣು ಆರಿಸುವುದು ಅಮ್ಮನ ಪಾಲಿಗೆ, ಆ ಹಣ್ಣಿನ ಲೇಹ್ಯವನ್ನು ಹದ ನೋಡಿ ಇಳಿಸುವುದು ಚಿಕ್ಕಮ್ಮನ ಪಾಲಿಗೆ ಬಂದಿತ್ತು. ಹಾಗೆಂದು ಯಾರೂ ಹೇಳಿದ್ದಲ್ಲ, ನಡೆಯುತ್ತಾ ಬಂದಿತ್ತು.

ಲೇಹ್ಯ ಮಾಡುವ ದಿನ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡುತ್ತಿದ್ದರು. ಚಿಕ್ಕಮ್ಮನ ತವರು ಚನ್ನಪಟ್ಟಣದ ಆಚೆ, ಕಬ್ಬಿನ ಸೀಮೆಗೆ ಹತ್ತಿರ. ತಾಮ್ರದ ಕೊಪ್ಪರಿಗೆ ಅಲ್ಲಿಂದ ಅವಳ ಜೊತೆ ಬಂದದ್ದು. ಬೆಲ್ಲ ಅವಳ ಅಣ್ಣನ ಆಲೆಮನೆಯದು. ತಿರುಗಿಸುವ ಉದ್ದನೆಯ ಮರದ ಹುಟ್ಟನ್ನು ಆ ಊರಿನ ಗೊಂಬೆ ಕಡೆಯುವವರೊಬ್ಬರು ಅರಗು ಬಣ್ಣ ಹಚ್ಚದೆ ಹಾಗೇ ಕಡೆದುಕೊಟ್ಟಿದ್ದರು. ಬೇಲವನ್ನು ಕಲ್ಲಿಗೆ ಕುಟ್ಟಿ ಒಡೆದು, ಒಳಗಿನ ಕಂದು ತಿರುಳನ್ನು ಬೆರಳಿನಿಂದ ಬಳಿದು, ನೀರಿನಲ್ಲಿ ಹಿಸುಕಿ, ತೆಳುವಾದ ಹಳೇ ಪಂಚೆಯಲ್ಲಿ ಸೋಸುವುದು. ಬೀಜ, ನಾರು ಬಟ್ಟೆಯಲ್ಲಿ ಉಳಿದು ರಸ ಕೊಪ್ಪರಿಗೆಗೆ ಇಳಿಯುತ್ತಿತ್ತು. ಆಮೇಲೆ ಬೆಲ್ಲ, ಚಿಟಿಕೆ ಉಪ್ಪು, ಕಡೆಯಲ್ಲಿ ಶುಂಠಿ, ಮೆಣಸು. ಮಧ್ಯಾಹ್ನದವರೆಗೂ ತಿರುಗಿಸಬೇಕು. ಗಟ್ಟಿಯಾಗುತ್ತಾ ಬಂದಂತೆ ಅದು ಪೊಳಕ್ ಪೊಳಕ್ ಎಂದು ಸಿಡಿಯುತ್ತದೆ. ಸಿಡಿದದ್ದು ಕೈಮೇಲೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಅಮ್ಮನ ಬಲಗೈಯಲ್ಲಿ ಮೊಣಕೈಯವರೆಗೂ ಅದರ ಕಲೆಗಳಿದ್ದವು.

ತಿರುಗಿಸುವುದು ಅಮ್ಮ. ಸೌದೆ ತಳ್ಳುತ್ತಾ ಕೂತಿರುವುದು ಚಿಕ್ಕಮ್ಮ.

"ಅಕ್ಕ, ಇಂಗೆ ತಿರುಗ್ಸುದ್ರೆ ದೀಪಾವಳಿಗಲ್ಲ, ಯುಗಾದಿಗೆ ಆಯ್ತದೆ."

"ಬಾಯಿ ಆಡಿಸೋದ ನಿಲ್ಸಿ ಒಸಿ ಸೌದೆ ಆಡ್ಸು. ಒಗೆಯೆಲ್ಲ ನನ್ ಮಖಕ್ಕೇ ಬತ್ತಾ ಐತೆ."

"ಚೆಂದಾಗಿರೋರ ಮಖಕ್ಕೇ ಅಲ್ವಾ ಒಗೆ ಓಗದು."

"ಮುಚ್ಚೆ ಸಾಕು. ನಿನ್ ಗಂಡ ಕೇಳಿಸ್ಕಂಡಾನು."

"ಕೇಳಿಸ್ಕಳ್ಳಿ ಬುಡು. ಅವ್ನ ಕಡೀಕೆ ಒಂದು ಒಗೆನೂ ತಿರುಗಿ ನೋಡಾಕಿಲ್ಲ."

ಕೊನೆಗೆ ಚಿಕ್ಕಮ್ಮ ಎದ್ದು, ಬೇಲಿಯ ಬಳಿಯ ಹಿಪ್ಪುನೇರಳೆ ಗಿಡದಿಂದ ಒಂದು ಎಲೆ ಕಿತ್ತು, ಅದರ ಮೇಲೆ ಒಂದು ತೊಟ್ಟು ಲೇಹ್ಯ ಹಾಕಿ ಓರೆ ಹಿಡಿಯುತ್ತಿದ್ದಳು. ತೊಟ್ಟಿನ ಸುತ್ತ ನೀರಿನ ಅಂಚು ಒಡೆದರೆ ಇನ್ನೂ ಆಗಿಲ್ಲ ಎಂದು ಅರ್ಥ. ಒಡೆಯದೆ ಕೂತರೆ "ಇಳ್ಸು" ಎನ್ನುತ್ತಿದ್ದಳು. ಆ ಒಂದು ಮಾತಿಗೆ ಅಮ್ಮ ಕಾದು ನಿಂತಿರುತ್ತಿದ್ದಳು. ಇಳಿಸಿದ ಮೇಲೆ ಬಿಸಿ ರಾಗಿರೊಟ್ಟಿಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಲೇಹ್ಯ. ಇಬ್ಬರೂ ಒಲೆಯ ಎದುರಿಗೇ ಕೂತು ತಿನ್ನುತ್ತಿದ್ದರು. ಗಂಡಸರಿಗೆ ಆಮೇಲೆ.

ಅಮ್ಮನಿಗೆ ಅಕ್ಕತಂಗಿಯರಿರಲಿಲ್ಲ. ಅಪ್ಪ ಮಾತು ಕಡಿಮೆಯ ಮನುಷ್ಯ. ವರ್ಷವಿಡೀ ಹೊಲ, ರೇಷ್ಮೆ ಹುಳು ಮನೆ, ಹಾಲು ಎಂದು ಇಬ್ಬರು ಹೆಂಗಸರೂ ಓಡಾಡುತ್ತಿದ್ದರು. ಗೋಡೆಯಾಚೆಗಿನ ಚಿಕ್ಕಮ್ಮನ ಜೊತೆ ಒಂದು ಇಡೀ ದಿನ ಕೂತು ಮಾತಾಡಲು ಅಮ್ಮನಿಗೆ ಸಿಗುತ್ತಿದ್ದದ್ದು ಆ ಒಂದು ದಿನ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಾರೋಹಳ್ಳಿಯ ಕಡೆಯಿಂದ ಕೈಗಾರಿಕಾ ಪ್ರದೇಶ ನಮ್ಮತ್ತ ಬೆಳೆಯಿತು. ಮೊದಲು ಅಳತೆಯವರು ಬಂದರು, ಆಮೇಲೆ ಹಳದಿ ಬಣ್ಣದ ಕಲ್ಲುಗಳು ಬಂದವು. ನಾನು ಆಗ ರಾಮನಗರದಲ್ಲಿ ಕೋಣೆ ಮಾಡಿಕೊಂಡು ಒಂದು ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ಯಾವ ಊರಿನ ಜಮೀನು ಎಷ್ಟು ಹೋಯಿತೆಂದು ಬರೆದು ಕಳಿಸುವುದು ನನ್ನ ಕೆಲಸದ ಭಾಗವಾಗಿತ್ತು. ನಮ್ಮ ಊರಿನ ಸುದ್ದಿಯೂ ಎರಡು ಪ್ಯಾರಾ ಆಗಿ ಹೋಯಿತು.

ಚಿಕ್ಕಪ್ಪ ಜಮೀನು ಕೊಡಲು ಒಪ್ಪಿದ. ಅಪ್ಪ ಒಪ್ಪಲಿಲ್ಲ. ಇಬ್ಬರ ಜಗಳ ಅರಳಿಕಟ್ಟೆಯಲ್ಲಿ ಶುರುವಾಗಿ ಮನೆಯ ಬಾಗಿಲಿಗೆ ಬಂತು.

"ನೀನು ಕೊಡ್ದಿದ್ರೂ ತಗತಾರೆ ಕಣಣ್ಣ. ಸುಮ್ಕೆ ಯಾಕೆ ತಲೆ ಚಚ್ಕಂತೀಯ?" ಎಂದ ಚಿಕ್ಕಪ್ಪ.

"ತಗಳ್ಲಿ. ಕಿತ್ಕಂಡು ಓಗ್ಲಿ. ನೀನು ಕರೆದು ಕೊಟ್ಟಂಗೆ ನಾನು ಕೊಡಾಕಿಲ್ಲ."

ಅದೇ ಸಂಜೆ ಅಪ್ಪ ಮಾರಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ, ಅಂಗೈಯಿಂದ ಅದನ್ನು ಆರಿಸಿ ಆಣೆ ಮಾಡಿದ. ತಮ್ಮನ ಮನೆಯ ಒಲೆಯ ಮೇಲೆ ಬೆಂದದ್ದು ನಮ್ಮ ಮನೆಗೆ ಬರಬಾರದು, ನಮ್ಮ ಒಲೆಯ ಮೇಲೆ ಬೆಂದದ್ದು ಅವನ ಮನೆಗೆ ಹೋಗಬಾರದು, ಒಬ್ಬರ ಹೊಸಿಲು ಇನ್ನೊಬ್ಬರು ತುಳಿಯಬಾರದು. ನಮ್ಮ ಕಡೆ ಇಂಥ ಆಣೆ ಮಾಡಿದವರು ಬದುಕಿರುವವರೆಗೆ ಮನೆಮಂದಿಯೆಲ್ಲ ಅದಕ್ಕೆ ಕಟ್ಟುಬಿದ್ದಿರುತ್ತಾರೆ. ಮುರಿದರೆ ಮನೆಯ ಮಕ್ಕಳಿಗೆ ಕೇಡು ಎಂಬ ಭಯ. ಕೆಲವೇ ತಿಂಗಳಲ್ಲಿ ಚಿಕ್ಕಪ್ಪ ಹಾರೋಹಳ್ಳಿಯಲ್ಲಿ ಹೊಸ ಮನೆ ಮಾಡಿ ಹೊರಟುಹೋದ. ಕೊಪ್ಪರಿಗೆಯೂ ಹುಟ್ಟೂ ಲಗೇಜು ಆಟೋದಲ್ಲಿ ಹೋದವು. ಅಮ್ಮ ಕಿಟಕಿಯಲ್ಲಿ ನಿಂತು ನೋಡಿದಳು, ಹೊಸಿಲು ದಾಟಲಿಲ್ಲ.

ಆ ಸಲ ಗಣೇಶನ ಹಬ್ಬ ಕಳೆದು ಹಣ್ಣು ಬೀಳತೊಡಗಿದಾಗ ಆಣೆಯೊಳಗೇ ಒಂದು ದಾರಿಯನ್ನು ಅಮ್ಮ ಕಂಡುಕೊಂಡಳು. ದಿನಾ ಬೆಳಗ್ಗೆ ಡೇರಿಯ ಹಾಲು ಸಾಗಿಸುವ ವ್ಯಾನು ನಮ್ಮೂರಿನಿಂದ ಹಾರೋಹಳ್ಳಿಗೆ ಹೋಗುತ್ತಿತ್ತು. ಅದರ ಡ್ರೈವರ್ ಕೈಗೆ ಅಮ್ಮ ಅರ್ಧ ಚೀಲ ಬೇಲ ಕೊಟ್ಟಳು.

"ಏನಕ್ಕ, ಯಜಮಾನ್ರು ಆಣೆ ಆಕವ್ರೆ ಅಂತಾರೆ?" ಎಂದು ಅವನು ಹಿಂದೆ ಸರಿದನಂತೆ.

"ಬೆಂದಿದ್ದು ಕೊಡಬ್ಯಾಡಿ ಅಂದವ್ರೆ. ಅಣ್ಣು ಬೆಂದೈತಾ? ಮರ ಕೊಟ್ಟಿದ್ದು. ಒಸಿ ತಗಂಡೋಗಪ್ಪ."

ಮರುದಿನ ಅದೇ ಚೀಲದಲ್ಲಿ ಚಿಕ್ಕಮ್ಮನ ತವರಿನ ಅಚ್ಚುಬೆಲ್ಲ ಬಂತು. ಬೆಲ್ಲ ಒಲೆಯ ಮೇಲೆ ಬೆಂದದ್ದೇ ಅಲ್ಲವೇ ಎಂದು ನಾನು ಕೇಳಿದೆ. "ಅವ್ಳ ಅಣ್ಣನ ಒಲೆ ಕಣವ್ವ, ನಿಮ್ ಚಿಕ್ಕಪ್ಪನ ಒಲೆ ಅಲ್ಲ" ಎಂದು ಅಮ್ಮ ನಕ್ಕಳು. ಅಪ್ಪ ಜಗುಲಿಯ ಮೇಲೆ ಕೂತು ಕೇಳಿಸಿಕೊಂಡು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿ ಹೊಲದ ಕಡೆ ಹೋದ.

ಹೀಗೆ ಎರಡು ಒಲೆಯಲ್ಲಿ ಲೇಹ್ಯವಾಯಿತು. ಅಮ್ಮನ ಹಣ್ಣು ಅಲ್ಲಿ, ಚಿಕ್ಕಮ್ಮನ ಬೆಲ್ಲ ಇಲ್ಲಿ. ಅಲ್ಯುಮಿನಿಯಂ ಪಾತ್ರೆಯಲ್ಲಿ ಒಬ್ಬಳೇ ತಿರುಗಿಸಿದ ಅಮ್ಮನಿಗೆ ಇಳಿಸುವ ಹದ ತಿಳಿಯಲಿಲ್ಲ. ಮೊದಲ ವರ್ಷ ಅದು ಚಾಕುವಿಗೂ ಬಗ್ಗದಷ್ಟು ಗಟ್ಟಿಯಾಯಿತು. ಎಲೆ ಹಿಡಿದು ನೋಡುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ತಾನೇ ಹಿಡಿದಾಗ ಮಾತ್ರ ಕಣ್ಣಿಗೆ ನಂಬಿಕೆ ಬರುತ್ತಿರಲಿಲ್ಲ. ವ್ಯಾನಿನವನು ಅಡುಗೆಯ ಮಾತನ್ನು ಹೊತ್ತು ತರುತ್ತಿದ್ದ, ಅರ್ಧ ದಾರಿಯಲ್ಲಿ ಚೆಲ್ಲಿಕೊಂಡು.

"ಎಲೆ ಮ್ಯಾಲೆ ಉಯ್ದು ಬಗ್ಗುಸ್ಬೇಕಂತೆ ಕಣಕ್ಕ."

"ಎಲೆ ಬಗ್ಗುಸ್ಬೇಕಾ, ಪಾತ್ರೆ ಬಗ್ಗುಸ್ಬೇಕಾ?"

"ಅದ ಕೇಳ್ನಿಲ್ಲ ನೋಡು. ನಾಳೀಕೆ ಕೇಳ್ಕಬತ್ತೀನಿ."

ಎರಡನೆಯ ವರ್ಷ ಲೇಹ್ಯ ತೆಳ್ಳಗಾಗಿ ಸಂಕ್ರಾಂತಿಗೆ ಮೊದಲೇ ಬೂಸಲು ಹಿಡಿಯಿತು. ಅಮ್ಮ ಬೇಸರಪಟ್ಟುಕೊಳ್ಳಲಿಲ್ಲ. ಹಣ್ಣು ಆ ಮನೆ ಮುಟ್ಟಿದೆ, ಬೆಲ್ಲ ಈ ಮನೆಗೆ ಬಂದಿದೆ. ಅಪ್ಪನ ಕೋಪ ಇಳಿಯುವವರೆಗೆ ಇಷ್ಟು ಸಾಕು ಎಂದು ಅವಳು ಎಣಿಸಿದ್ದಳು.

ಮೂರನೆಯ ವರ್ಷ ತಂತಿಬೇಲಿ ಬಂತು. ಅಳತೆಯಲ್ಲಿ ಬದು ಚಿಕ್ಕಪ್ಪನ ಭಾಗಕ್ಕೆ ಸೇರಿತ್ತು, ಹಾಗಾಗಿ ಮರ ಬೇಲಿಯ ಒಳಗೆ ಉಳಿಯಿತು. ಒಳಗೆ ಮಣ್ಣು ಮಟ್ಟ ಮಾಡುವ ಕೆಲಸ. ಬೆಳಗಿನ ಜಾವ ಹೋದರೆ ಕಾವಲುಗಾರ ಬಿಡುತ್ತಿರಲಿಲ್ಲ. ರಾತ್ರಿ ಬಿದ್ದ ಹಣ್ಣು ಬೆಳಗಾಗುವ ಹೊತ್ತಿಗೆ ಟಿಪ್ಪರುಗಳ ಚಕ್ರಕ್ಕೆ ಸಿಕ್ಕಿ ನೆಲಕ್ಕೆ ಅಂಟಿರುತ್ತಿತ್ತು. ಅಮ್ಮ ಬೇಲಿಯ ಹೊರಗಿನಿಂದ ಅದನ್ನು ನೋಡಿ ಬರುತ್ತಿದ್ದಳು.

ಒಂದು ದಿನ ಮಣ್ಣು ತೆಗೆಯುವ ಯಂತ್ರದವನು ಅವಳನ್ನು ಕರೆದ. ಹೊರಗಿನವನು, ಉತ್ತರ ಕರ್ನಾಟಕದ ಕಡೆಯ ಮಾತು. ನಾಳೆ ಈ ಮರ ತೆಗೆಯುತ್ತಾರೆ, ಹಣ್ಣು ಬೇಕಿದ್ದರೆ ಈಗಲೇ ತಗೋ ತಾಯಿ ಎಂದ. ಅಮ್ಮ ಬಾಯಿ ತೆರೆಯುವುದರೊಳಗೆ ಯಂತ್ರದ ಕೈಯನ್ನು ಕಾಂಡಕ್ಕೆ ಆನಿಸಿ ಒಮ್ಮೆ ನೂಕಿದ. ಮರದ ಮೇಲಿದ್ದದ್ದೆಲ್ಲ ಒಟ್ಟಿಗೆ ಉದುರಿತು. ಅವನು ಒಳ್ಳೆಯದನ್ನೇ ಮಾಡಿದೆನೆಂದು ತಿಳಿದಿದ್ದ. ಕೆಳಗಿಳಿದು ಆರಿಸಲು ಕೈಯನ್ನೂ ಕೊಟ್ಟ. ಇದನ್ನೆಲ್ಲ ಅಮ್ಮ ಹೇಳಿದ್ದು. ನಾನು ಕಣ್ಣಾರೆ ಕಂಡಿಲ್ಲ. ಆ ಶನಿವಾರ ನಾನು ಊರಿಗೆ ಹೋದಾಗ ಮರವಿದ್ದ ಜಾಗದಲ್ಲಿ ಕೆಂಪು ಮಣ್ಣು ಸಮನಾಗಿತ್ತು.

ಅಂಗಳದಲ್ಲಿ ಅಮ್ಮ ಬೇಲಗಳನ್ನು ಚಪ್ಪಡಿಯ ಮೇಲೆ ಬಿಟ್ಟು ನೋಡುತ್ತಿದ್ದಳು. ಒಂದೊಂದೂ ಪುಟಿಯುತ್ತಿತ್ತು. ಕಡಿಮೆ ಪುಟಿದವನ್ನು ಒಂದು ಕಡೆ, ಹೆಚ್ಚು ಪುಟಿದವನ್ನು ಒಂದು ಕಡೆ ಇಟ್ಟಳು. ಕಡಿಮೆ ಪುಟಿದವನ್ನು ಚೀಲಕ್ಕೆ ತುಂಬಿದಳು. ಅದು ಚಿಕ್ಕಮ್ಮನಿಗೆ.

"ಉಲ್ಲಲ್ಲಿ ಇಟ್ರೆ ಅಣ್ಣಾಯ್ತವೆ. ಕಾಯೋಕೆ ಯೋಳ್ಬೇಕು ಅಷ್ಟೆ" ಎಂದಳು.

ವ್ಯಾನಿನವನಿಗೆ ಅದನ್ನು ಹೇಳಿ ಕಳಿಸಿದಳು: ಇವು ಉದುರಿಸಿದ್ದು, ಬಿದ್ದದ್ದಲ್ಲ, ಹುಲ್ಲಿನಲ್ಲಿಟ್ಟು ಕಾಯಬೇಕು, ಬಿದ್ದದ್ದು ಈ ಸಲ ಒಂದೂ ಸಿಕ್ಕಿಲ್ಲ. ಅವನಿಗೆ ಆ ದಿನ ಎರಡು ಊರಿನ ಹಾಲು ಹೆಚ್ಚಿಗೆ ಬಂದಿತ್ತು. ಚೀಲವನ್ನು ಚಿಕ್ಕಮ್ಮನ ಜಗುಲಿಯ ಮೇಲೆ ಇಟ್ಟು, ಹಾರ್ನ್ ಹೊಡೆದು ಹೋದ.

ಚಿಕ್ಕಮ್ಮ ಒಂದು ಹಣ್ಣನ್ನು ತೆಗೆದು ನೆಲಕ್ಕೆ ಬಿಟ್ಟಳು. ಅದು ಪುಟಿಯಿತು. ಇನ್ನೊಂದು, ಮತ್ತೊಂದು. ಮರ ಕಡಿದ ಸುದ್ದಿ ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. ಇದೇ ಕೊನೆಯ ಹಣ್ಣು ಎಂದೂ ತಿಳಿದಿತ್ತು. ಕೊನೆಯ ಹಣ್ಣಿನಲ್ಲಿ ಬಿದ್ದದ್ದನ್ನು ಅಕ್ಕ ತಾನಿಟ್ಟುಕೊಂಡು, ಕಿತ್ತದ್ದನ್ನು ನನಗೆ ಕಳಿಸಿದಳು ಎಂದು ಅವಳು ತೀರ್ಮಾನಿಸಿದಳು. ಬೇಲ ಆರಿಸುವ ಮನೆಯಲ್ಲಿ ಬದುಕಿದವರಿಗೆ ಬೇರೆ ತೀರ್ಮಾನ ಬರುವುದು ಕಷ್ಟ. ಅಮ್ಮ ಬಿದ್ದ ಹಣ್ಣನ್ನಲ್ಲದೆ ಬೇರೆಯದನ್ನು ಮುಟ್ಟುವುದನ್ನು ಅವಳು ಎಂದೂ ಕಂಡಿರಲಿಲ್ಲ. ಚೀಲ ಜಗುಲಿಯ ಮೇಲೇ ಉಳಿಯಿತು. ಬೀದಿಯ ಹುಡುಗರು ಅವುಗಳಲ್ಲಿ ಆಡಿ ಮುಗಿಸಿದರು.

ಇಲ್ಲಿ ಅಮ್ಮ ಬೆಲ್ಲಕ್ಕೆ ಕಾಯುತ್ತಿದ್ದಳು. ವ್ಯಾನು ಬಂದಾಗಲೆಲ್ಲ ಹೊರಗೆ ಬಂದು ನಿಲ್ಲುತ್ತಿದ್ದಳು.

"ಏನೂ ಕೊಡ್ನಿಲ್ವಾ?"

"ಬಾಗ್ಲು ಆಕಿತ್ತು ಕಣಕ್ಕ" ಎನ್ನುತ್ತಿದ್ದ ಅವನು. ಕೆಲವು ಸಲ ಅದು ನಿಜವೂ ಆಗಿತ್ತು.

ಹುಲ್ಲಿನ ಅಡಿಯ ಬೇಲ ನಿಧಾನವಾಗಿ ಹದಕ್ಕೆ ಬಂತು. ಅಂಗಡಿಯಿಂದ ಬೆಲ್ಲ ತರುತ್ತೇನೆ ಎಂದೆ. ಬೇಡ, ಬರುತ್ತದೆ ಇರು ಎಂದಳು. ಅಪ್ಪ ಕೂಡ ಒಂದು ದಿನ, ಯಾರನ್ನೂ ನೋಡದೆ, "ಅಂಗಡೀಲಿ ಒಳ್ಳೆ ಬೆಲ್ಲ ಬಂದೈತಂತೆ" ಎಂದ. ಅಮ್ಮ ಹುಲ್ಲು ಸರಿಸಿ ಬೇಲಗಳನ್ನು ಮಗ್ಗುಲು ಬದಲಿಸಿಟ್ಟಳು. ದೀಪಾವಳಿ ಕಳೆಯಿತು. ಬೇಲದ ಚಿಪ್ಪಿನ ಮೇಲೆ ಬಿಳಿ ಬೂಷ್ಟು ಕಟ್ಟಿ, ಒಳಗಿನ ತಿರುಳು ಕಪ್ಪಾಗಿ, ಕೊಟ್ಟಿಗೆಯಲ್ಲಿ ಹೆಂಡದ ವಾಸನೆ ಎದ್ದಿತು. ಕಡೆಗೆ ಅವನ್ನು ತಿಪ್ಪೆಗೆ ಹಾಕಿದಳು.

ಬೆಲ್ಲ ಯಾಕೆ ಬರಲಿಲ್ಲ ಎನ್ನುವುದು ಅವಳಿಗೆ ತಿಳಿದದ್ದು ಬಹಳ ತಡವಾಗಿ, ಮದುವೆ ಮನೆಯೊಂದರಲ್ಲಿ, ಬೇರೆಯವರ ಬಾಯಿಂದ. ಕೇಳಿ ಬಂದವಳು ಸೀರೆ ಬದಲಿಸದೆ ಕೂತಿದ್ದಳು. ನಾನು ವ್ಯಾನಿನವನನ್ನು ಹುಡುಕಿ ಕೇಳಿದೆ. ಚೀಲ ಕೊಟ್ಟದ್ದು ನೆನಪಿದೆ, ಮಾತು ಏನೋ ಇತ್ತು, ಹೇಳಿದೆನೋ ಇಲ್ಲವೋ ತಿಳಿಯದು ಎಂದ. ಯಂತ್ರದವನು ಇನ್ನೆಲ್ಲೋ ಕೆಲಸಕ್ಕೆ ಹೋಗಿದ್ದ. ಕಾವಲುಗಾರರೂ ಬದಲಾಗಿದ್ದರು. ಮರ ಇರಲಿಲ್ಲ. ಪತ್ರಿಕೆಯ ಭಾಷೆಯಲ್ಲಿ ಹೇಳುವುದಾದರೆ, ಅಮ್ಮನ ಮಾತನ್ನು ಖಚಿತಪಡಿಸಲು ಎರಡನೆಯ ಮೂಲ ಸಿಗಲಿಲ್ಲ. ಅಮ್ಮನಿಗೆ ತಾನೇ ಹೋಗಿ ಹೇಳೋಣವೆಂದರೆ ಆ ಹೊಸಿಲು ತುಳಿಯುವಂತಿರಲಿಲ್ಲ.

ಅಪ್ಪ ತೀರಿಕೊಂಡದ್ದು ಅದರ ಮುಂದಿನ ವರ್ಷ, ಬೇಸಿಗೆಯಲ್ಲಿ. ಆಣೆ ಅವನ ಜೊತೆಗೇ ಹೋಯಿತು. ಚಿಕ್ಕಪ್ಪ ಅಂಗಳದಲ್ಲಿ ಕುಸಿದು ಕೂತು ಅತ್ತ. ಚಿಕ್ಕಮ್ಮ ಒಳಗೆ ಬಂದು ಅಮ್ಮನ ಪಕ್ಕದಲ್ಲಿ ಕೂತು, ಹನ್ನೊಂದು ದಿನದ ಕಾರ್ಯ ಮುಗಿಯುವವರೆಗೂ ಮನೆಯ ಎಲ್ಲ ಕೆಲಸ ತಾನೇ ಮಾಡಿದಳು. ಬೇಲದ ಮಾತು ಇಬ್ಬರೂ ಎತ್ತಲಿಲ್ಲ. ಎತ್ತುವ ಹೊತ್ತೂ ಅದಾಗಿರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಅಮ್ಮ ನನಗೆ ಹೇಳಿದಳು: "ಎಲ್ಲಾದ್ರೂ ಬೇಲ ಸಿಕ್ರೆ ತತ್ತೀಯಾ? ನಿಮ್ ಚಿಕ್ಕಮ್ಮನ್ನ ಕರೆಸ್ತೀನಿ."

ಚನ್ನಪಟ್ಟಣದ ಹೆದ್ದಾರಿಯ ಪಕ್ಕ, ಗೊಂಬೆ ಅಂಗಡಿಗಳ ಸಾಲಿನ ಕೊನೆಯಲ್ಲಿ ಒಂದು ತಳ್ಳುಗಾಡಿಯಲ್ಲಿ ಸಿಕ್ಕಿತು. ಯಾವ ಮರದ್ದೋ, ಹೇಗೆ ಕಿತ್ತದ್ದೋ ಗಾಡಿಯವನಿಗೂ ಗೊತ್ತಿರಲಿಲ್ಲ. ಅಮ್ಮ ಅವನ್ನು ಹುಲ್ಲಿನಲ್ಲಿಟ್ಟು ದಿನಾ ಮೂಸಿ ನೋಡಿದಳು. ಹದ ಬಂದ ಮೇಲೆ ಚಿಕ್ಕಮ್ಮ ಕೊಪ್ಪರಿಗೆಯನ್ನು ಹಳೇ ಸೀರೆಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಹಿತ್ತಲಲ್ಲಿ ಒಲೆ ಹೂಡಿದರು. ಬೇಲಿಯಾಚೆ ಕಾರ್ಖಾನೆಯ ತಗಡಿನ ಗೋಡೆ ಎದ್ದಿತ್ತು, ಅದರ ಒಳಗೆ ಏನೋ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮಾತು ಸ್ವಲ್ಪ ಜೋರಾಗಿ ಆಡಬೇಕಿತ್ತು.

ಬೆಳಗ್ಗೆಯೆಲ್ಲ ಚೆನ್ನಾಗಿತ್ತು. ಚಿಕ್ಕಪ್ಪನ ಗೊರಕೆ, ಹೊಸ ಮನೆಯ ಮೋಟಾರು, ಯಾರದೋ ಸೊಸೆಯ ಗರ್ವ. ಅಮ್ಮ ತಿರುಗಿಸುತ್ತಾ ಎರಡು ಮೂರು ಸಲ ಜೋರಾಗಿ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ, ರಸ ಗಟ್ಟಿಯಾಗಲು ಶುರುವಾದ ಮೇಲೆ, ಅವಳೇ ಮಾತು ಎತ್ತಿದಳು.

"ಆವತ್ತು ನಾನು ಕಳ್ಸಿದ್ದು ಉದುರಿಸಿದ್ದು ಕಣೆ. ನಮ್ಮನೇಲೂ ಅದೇ ಇದ್ದಿದ್ದು. ಬಿದ್ದಿದ್ದು ಒಂದೂ ಸಿಕ್ನಿಲ್ಲ."

ಚಿಕ್ಕಮ್ಮ ಒಲೆಯಿಂದ ಒಂದು ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. "ಓಗ್ಲಿ ಬುಡಕ್ಕ. ಈಗ್ಯಾಕೆ ಅದು."

"ಓಗ್ಲಿ ಅನ್ನೋಕೆ ನಾನು ಏನ್ ಮಾಡಿವ್ನಿ? ಆ ಮಿಷಿನ್ನೋನು ಮರನ ಒಂದೇ ಸಲ ನೂಕ್ಬುಟ್ಟ. ವ್ಯಾನ್ನೋನ ಕೈಲಿ ಎಲ್ಲಾ ಯೋಳ್ಕಳ್ಸಿದ್ದೆ."

"ಯೋಳಿರ್ತೀಯ."

"ಹೌದು ಚಿಕ್ಕಮ್ಮ," ಎಂದೆ ನಾನು. "ಕೊಟ್ಟಿಗೆಯಲ್ಲಿ ಉಳಿದದ್ದನ್ನು ನಾನೇ ನೋಡಿದೆ. ಎಲ್ಲಾ ಪುಟೀತಿದ್ವು."

"ನೀನು ಬುಡವ್ವ, ನಿಮ್ಮವ್ವನ ಕಡೆ ಸಾಕ್ಷಿ. ಇನ್ ನನ್ ಕಡೆ ಯೋಳ್ತೀಯಾ?" ಎಂದು ನನ್ನ ಕೆನ್ನೆ ಚಿವುಟಿ ನಕ್ಕಳು. ಆಮೇಲೆ ಅಮ್ಮನ ಕಡೆ ತಿರುಗಿ, ನಿಜವಾದ ಪ್ರೀತಿಯಿಂದಲೇ ಹೇಳಿದಳು: "ಕೊನೇ ಅಣ್ಣು. ಯಾರಿಗಾದ್ರೂ ಆಸೆ ಆಯ್ತದೆ ಕಣಕ್ಕ. ನಾನಾಗಿದ್ರೂ ಅಂಗೇ ಮಾಡ್ತಿದ್ನೇನೋ. ನಾನು ಅದ ಯಾವತ್ತೋ ಮರ್ತೆ."

ಅಮ್ಮ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಬೈದಿದ್ದರೆ ಅವಳು ಮರುಮಾತು ಕೊಡುತ್ತಿದ್ದಳು. ಬೈಗುಳಕ್ಕೆ ಅವಳು ಸಿದ್ಧಳಾಗಿಯೇ ಕೂತಿದ್ದಳು ಎಂದು ನನಗನಿಸುತ್ತದೆ. ಮಾಡದ ತಪ್ಪನ್ನು ಎದುರಿಗಿದ್ದವಳು ಒಳ್ಳೆಯ ಮನಸ್ಸಿನಿಂದ ಮನ್ನಿಸಿದಾಗ ಏನು ಹೇಳಬೇಕು ಎನ್ನುವುದು ಅವಳಿಗೆ ತಿಳಿಯಲಿಲ್ಲ.

ಲೇಹ್ಯ ಚೆನ್ನಾಗಿಯೇ ಆಯಿತು. ಚಿಕ್ಕಮ್ಮ ರೊಟ್ಟಿಯ ಮೇಲೆ ದಪ್ಪಗೆ ಬಳಿದುಕೊಂಡು ಎರಡು ತಿಂದಳು. ಅಮ್ಮ ಒಂದನ್ನು ಅರ್ಧ ತಿಂದು, ಹೊಗೆಗೆ ತಲೆನೋವು ಬಂತು ಎಂದಳು. ಸಂಜೆಯ ಬಸ್ಸಿಗೆ ಚಿಕ್ಕಮ್ಮನನ್ನು ನಾನೇ ಹತ್ತಿಸಿದೆ. ಕಿಟಕಿಯಿಂದ ಅವಳು ತುಂಬ ಹಗುರವಾದ ಮುಖದಲ್ಲಿ ಕೈ ಬೀಸಿದಳು. ಅವಳ ಮಟ್ಟಿಗೆ ಹಳೆಯದೆಲ್ಲ ಆ ದಿನ ಮುಗಿದಿತ್ತು.

ಮುಂದಿನ ವರ್ಷ ಅದೇ ಹೊತ್ತಿಗೆ, ನಾನು ಊರಿಗೆ ಬಂದಿದ್ದಾಗ, ಚಿಕ್ಕಮ್ಮ ನನ್ನ ಮೊಬೈಲಿಗೆ ಫೋನ್ ಮಾಡಿದಳು. ಬೇಲ ಸಿಕ್ಕಿದೆ, ಯಾವತ್ತು ಬರಲಿ, ನಿಮ್ಮವ್ವನಿಗೆ ಕೊಡು ಎಂದಳು. ನಾನು ಕೊಟ್ಟೆ.

"ಇಲ್ಲ ಕಣೆ, ಈ ಸಲ ಆಗಾಕಿಲ್ಲ" ಎಂದಳು ಅಮ್ಮ. "ಮಂಡಿ ನೋವು. ಒಲೆ ಮುಂದೆ ಕೂರಕ್ಕಾಗಲ್ಲ." ಆಮೇಲೆ ರಾಗಿ ಪೈರಿನ ವಿಷಯ, ಚಿಕ್ಕಪ್ಪನ ಸಕ್ಕರೆ ಕಾಯಿಲೆಯ ವಿಷಯ, ಕರು ಹಾಕಿದ ಎಮ್ಮೆಯ ವಿಷಯ ಬಹಳ ಹೊತ್ತು ಮಾತಾಡಿದಳು. ದನಿಯಲ್ಲಿ ಮುನಿಸಿರಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು ಎದ್ದಳು; ಕೆರೆಯ ಕೆಳಗಿನಿಂದ ಹುಲ್ಲು ತರಬೇಕಿತ್ತು. ಸ್ವಲ್ಪ ಹೊತ್ತಿನ ಮೇಲೆ ತಲೆಯ ಮೇಲೆ ದೊಡ್ಡ ಹೊರೆ ಹೊತ್ತು ಏರಿಯ ಮೆಟ್ಟಿಲು ಹತ್ತಿ ಬಂದಳು. ಎಲ್ಲಿಯೂ ನಿಲ್ಲಲಿಲ್ಲ.